ಮುಂದೆ ನಿಲ್ಲುತ್ತೇನೆ ಎಂದ ಕಡವೆ

ಮಕ್ಕಳೇ, ಕಗ್ಗಲ ಕಾಡಿನ ನಡುವೆ ಒಂದು ಹೊಂಡವಿತ್ತು. ಅದರ ಸುತ್ತ ಕಡವೆ, ಮೊಲ, ಮಂಗ, ಮುಳ್ಳುಹಂದಿ, ಕಪ್ಪೆ ಎಲ್ಲವೂ ಅಕ್ಕಪಕ್ಕದ ಮನೆಯವರಂತೆ ಬದುಕಿದ್ದವು. ಅವುಗಳಿಗೊಂದು ಪಂಚಾಯಿತಿಯೂ ಇತ್ತು. ಅದರ ಅಧ್ಯಕ್ಷ ಬೊಮ್ಮಣ್ಣ ಎಂಬ ಕಡವೆ.

ಬೊಮ್ಮಣ್ಣನನ್ನು ಅಧ್ಯಕ್ಷನನ್ನಾಗಿ ಆರಿಸಲು ಕಾರಣವಿತ್ತು. ಹಿಂದೊಮ್ಮೆ ಕಾಡಿಗೆ ಬೆಂಕಿ ಬಿದ್ದಾಗ ಅವನು ಮೂರು ಸಲ ಹೊಗೆಯೊಳಗೆ ನುಗ್ಗಿ, ದಾರಿ ಕಾಣದೆ ಒದ್ದಾಡುತ್ತಿದ್ದವರನ್ನೆಲ್ಲ ಹೊಂಡದ ದಡಕ್ಕೆ ಕರೆತಂದಿದ್ದ. ಅಂದಿನಿಂದ ಅವನ ಮನಸ್ಸಿನಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿತ್ತು. ಕಷ್ಟ ಬಂದಾಗ ತಾನು ಮುಂದೆ ನಿಂತರೆ ಸಾಕು. ಇನ್ನೂ ಬಾರದ ಕಷ್ಟಕ್ಕೆ ಇವತ್ತೇ ಮೈ ಬಗ್ಗಿಸುವುದು ಅವನಿಗೆ ಅಂಜುಬುರುಕರ ಕೆಲಸದಂತೆ ಕಾಣುತ್ತಿತ್ತು.

ಮಳೆಗಾಲಕ್ಕೆ ಇನ್ನು ಹದಿನೈದು ದಿನವಿತ್ತು. ಸಣ್ಣಮ್ಮ ಎಂಬ ಮುದಿ ಕಪ್ಪೆ ಪಂಚಾಯಿತಿ ಸಭೆಗೆ ಬಂದಳು. ಕಾಡಿನ ನೀರು ನೋಡಿಕೊಳ್ಳುವ ಕೆಲಸ ಅವಳದು.

"ಬೊಮ್ಮಣ್ಣ, ಹಳ್ಳದಾಚೆಯ ಕಾಡಿನಲ್ಲಿ ಸೊಳ್ಳೆಯಿಂದ ಜ್ವರ ಹಬ್ಬಿದೆಯಂತೆ. ಕೊಕ್ಕರೆಗಳು ಕಣ್ಣಾರೆ ಕಂಡು ಬಂದಿವೆ. ನಾವು ಈಗಲೇ ಎಚ್ಚರವಾಗಬೇಕು."

"ಏನು ಮಾಡಬೇಕು ಅಂತೀರಿ?"

"ಸೊಳ್ಳೆ ಮೊಟ್ಟೆ ಇಡುವುದು ನಿಂತ ನೀರಿನಲ್ಲಿ. ಹೊಂಡದಲ್ಲಾದರೆ ಅದರ ಮರಿಹುಳುಗಳನ್ನು ಮೀನುಗಳು ತಿನ್ನುತ್ತವೆ, ಗುಂಡಿಗಳಲ್ಲಿ ತಿನ್ನುವವರಿಲ್ಲ. ಆನೆ ಹೆಜ್ಜೆಯ ಗುಂಡಿಗಳಿಗೆ ಮಣ್ಣು ತುಂಬೋಣ. ಬಿದ್ದಿರುವ ಕಾಯಿಚಿಪ್ಪುಗಳನ್ನು ಮಗುಚಿ ಹಾಕೋಣ. ಮಳೆ ಹಿಡಿದ ಮೇಲೆ ವಾರಕ್ಕೊಂದು ಸಲ ಎಲ್ಲರೂ ಸೇರಿ ಕಾಡು ಸುತ್ತಿ ನೋಡೋಣ. ಕಾಯಿಲೆಯವರನ್ನು ಮಲಗಿಸಲು ಗಾಳಿಯಾಡುವ ಒಂದು ದಿಬ್ಬವನ್ನು ಮೊದಲೇ ಚೊಕ್ಕಟ ಮಾಡಿಡೋಣ."

ಬೊಮ್ಮಣ್ಣ ಕೊಂಬು ಎತ್ತಿ ಕೇಳಿದ, "ನಮ್ಮ ಕಾಡಿನಲ್ಲಿ ಈಗ ಎಷ್ಟು ಜನಕ್ಕೆ ಜ್ವರ ಇದೆ?"

"ಸದ್ಯಕ್ಕೆ ಯಾರಿಗೂ ಇಲ್ಲ."

ಮಂಗಗಳ ಹಿರಿಯ ರಾಚಪ್ಪ ಕೊಂಬೆಯ ಮೇಲಿಂದ ನಕ್ಕ. "ಕೇಳಿದಿರಾ? ಇಲ್ಲದ ಜ್ವರಕ್ಕೆ ನಾವೆಲ್ಲ ಮಣ್ಣು ಹೊರಬೇಕಂತೆ!"

ಸಭೆಯಲ್ಲಿದ್ದವರೂ ನಕ್ಕರು. ಬೊಮ್ಮಣ್ಣ ನಗಲಿಲ್ಲ. ಆದರೆ ಅವನಿಗೂ ರಾಚಪ್ಪನ ಮಾತೇ ಸರಿ ಎನಿಸಿತು.

"ಸಣ್ಣಮ್ಮ, ಮೊದಲ ಜ್ವರ ಕಾಣಿಸಿದ ದಿನ ನನ್ನನ್ನು ಕೂಗಿ. ಎಲ್ಲರಿಗಿಂತ ಮುಂದೆ ನಾನು ನಿಲ್ಲುತ್ತೇನೆ."

"ಅಷ್ಟು ಹೊತ್ತಿಗೆ ತಡವಾಗಿರುತ್ತದೆ ಅಣ್ಣ. ಬೆಂಕಿಯಾದರೆ ದೂರದಿಂದಲೇ ಹೊಗೆ ಕಾಣುತ್ತದೆ. ಇದು ಹಾಗಲ್ಲ."

"ಮುಂದಿನ ಸಭೆಯಲ್ಲಿ ನೋಡೋಣ," ಎಂದು ಬೊಮ್ಮಣ್ಣ ಎದ್ದ.

ಮುಂದಿನ ಸಭೆಗೆ ಮೊದಲೇ ಮಳೆ ಬಂತು. ಒಂದು ದಿನ ಸುರಿಯುವುದು, ಎರಡು ದಿನ ಬಿಸಿಲು, ಮತ್ತೆ ಮಳೆ. ಗುಂಡಿಗಳೆಲ್ಲ ತುಂಬಿದವು. ಸಣ್ಣಮ್ಮ ತನ್ನ ಬಳಗವನ್ನು ಕಟ್ಟಿಕೊಂಡು ಚಿಪ್ಪುಗಳನ್ನು ಮಗುಚಲು ಹೊರಟಳು. ಆದರೆ ಒಂದು ಚಿಪ್ಪು ಮಗುಚಲು ನಾಲ್ಕು ಕಪ್ಪೆ ಬೇಕಾಗುತ್ತಿತ್ತು. ಗುಂಡಿಗಳಂತೂ ಅವರ ಕೈಲಾಗುವ ಕೆಲಸವಲ್ಲ.

ಮೂರನೆಯ ವಾರ ತಾಯವ್ವ ಎಂಬ ಮೊಲದ ಕಿರಿಯ ಮಗಳು ಬೆಳ್ಳಿಗೆ ಜ್ವರ ಬಂತು. ಮೈ ಕೆಂಡದಂತೆ ಸುಡುತ್ತಿತ್ತು. ಕಿವಿ ಎತ್ತಲೂ ಅವಳಿಗೆ ಶಕ್ತಿಯಿರಲಿಲ್ಲ.

ಸುದ್ದಿ ಕೇಳಿದ್ದೇ ತಡ, ಬೊಮ್ಮಣ್ಣ ಓಡಿ ಬಂದ. ಬೆಳ್ಳಿಯನ್ನು ಬೆನ್ನ ಮೇಲೆ ಮಲಗಿಸಿಕೊಂಡ. ಆದರೆ ಎಲ್ಲಿಗೆ ಒಯ್ಯುವುದು? ದಿಬ್ಬದ ತುಂಬ ಮುಳ್ಳು ಬೆಳೆದಿತ್ತು. ಅವನೊಬ್ಬನೇ ಕೊಂಬಿನಿಂದ ಮುಳ್ಳು ಕಿತ್ತು ಜಾಗ ಮಾಡುವಷ್ಟರಲ್ಲಿ ಅರ್ಧ ದಿನ ಕಳೆಯಿತು. ಅಲ್ಲಿಯವರೆಗೆ ಬೆಳ್ಳಿ ಒದ್ದೆ ಹುಲ್ಲಿನ ಮೇಲೆ ನಡುಗುತ್ತ ಮಲಗಿದ್ದಳು.

ಮರುದಿನ ಏಳು ಜನ ಹಾಸಿಗೆ ಹಿಡಿದರು. ಬೊಮ್ಮಣ್ಣ ಆಡಿದ ಮಾತಿಗೆ ತಪ್ಪಲಿಲ್ಲ. ಮೇವು ನೀರು ಬಿಟ್ಟು, ಸೊಳ್ಳೆಗಳನ್ನು ಓಡಿಸಲು ಹೊಂಡದ ಸುತ್ತ ನೆಲ ಗುದ್ದುತ್ತ, ಪೊದೆಗಳನ್ನು ಕೊಂಬಿನಿಂದ ಬಡಿಯುತ್ತ ಮೂರು ದಿನ ಸುತ್ತಿದ. ಸೊಳ್ಳೆಗಳು ಮೋಡದಂತೆ ಮೇಲೇಳುತ್ತಿದ್ದವು. ಅವನು ಮುಂದೆ ಹೋದೊಡನೆ ಮತ್ತೆ ಅಲ್ಲೇ ಕೂರುತ್ತಿದ್ದವು.

"ನಮ್ಮ ಅಧ್ಯಕ್ಷರು ಎಂದರೆ ಹೀಗಿರಬೇಕು!" ಎಂದು ರಾಚಪ್ಪ ಕೂಗಿದ.

ಎರಡು ವಾರ ಕಳೆಯಿತು. ಕಾಯಿಲೆಯವರು ಕಡಿಮೆಯಾಗುವ ಬದಲು ಇಮ್ಮಡಿಯಾದರು. ಒಂದು ಬೆಳಿಗ್ಗೆ ಬೆಳ್ಳಿ ಕಣ್ಣು ಮುಚ್ಚಿದಳು. ಮತ್ತೆ ತೆರೆಯಲಿಲ್ಲ.

ಬೊಮ್ಮಣ್ಣ ಹೊಂಡದ ದಡದಲ್ಲಿ ನಿಂತು ಬಿಕ್ಕಿದ. "ಇಷ್ಟು ಹೋರಾಡಿದರೂ ಇದು ಯಾಕೆ ಹೀಗೆ ಹೆಚ್ಚುತ್ತಿದೆ ಸಣ್ಣಮ್ಮ?"

"ನಿಮ್ಮ ಕಾಲಬುಡ ನೋಡಿ ಅಣ್ಣ," ಎಂದಳು ಸಣ್ಣಮ್ಮ ಮೆಲ್ಲಗೆ.

ಅವನು ತಲೆ ಬಗ್ಗಿಸಿದ. ಮೆತ್ತನೆಯ ಮಣ್ಣಿನಲ್ಲಿ ಅವನದೇ ಗೊರಸಿನ ಗುರುತುಗಳು, ನೂರಾರು. ಒಂದೊಂದರಲ್ಲೂ ಮಳೆನೀರು ನಿಂತಿತ್ತು. ಒಂದೊಂದರಲ್ಲೂ ಕೂದಲೆಳೆಯಂಥ ಮರಿಹುಳುಗಳು ಕೊಂಕಿ ಕೊಂಕಿ ಈಜಾಡುತ್ತಿದ್ದವು. ಆಗಲೇ ರೆಕ್ಕೆ ಬಲಿತ ಕೆಲವು ಸೊಳ್ಳೆಗಳು ನೀರಿನಿಂದ ಹಾರುತ್ತಿದ್ದವು.

ಅವನು ನಿಧಾನವಾಗಿ ತಾಯವ್ವನ ಬಿಲದ ಹತ್ತಿರ ಹೋದ.

"ತಾಯವ್ವ, ನಾನು ನಿನ್ನ ಮಗಳಿಗಾಗಿ..."

ತಾಯವ್ವ ಮಗಳು ಮಲಗುತ್ತಿದ್ದ ಹುಲ್ಲನ್ನೇ ನೋಡುತ್ತ ಹೇಳಿದಳು, "ಬಂದಿರಿ ಅಣ್ಣ, ಓಡೋಡಿ ಬಂದಿರಿ. ಅದನ್ನು ನಾನು ಇಲ್ಲ ಎನ್ನುವುದಿಲ್ಲ. ಸಣ್ಣಮ್ಮ ಹೇಳಿದ ದಿನ ನಿಧಾನವಾಗಿ ನಡೆದು ಬಂದಿದ್ದರೂ ಸಾಕಿತ್ತು."

ಬೊಮ್ಮಣ್ಣ ಅವಳಿಗೆ ತಲೆ ಬಾಗಿಸಿ, ಸಣ್ಣಮ್ಮನನ್ನು ಹುಡುಕಿಕೊಂಡು ಹೊರಟ.

ಅಂದು ಮಧ್ಯಾಹ್ನವೇ ಅವನು ಎಲ್ಲರನ್ನೂ ಸೇರಿಸಿದ. "ತಪ್ಪು ನನ್ನದು. ಇವತ್ತಿನಿಂದ ಸಣ್ಣಮ್ಮ ಹೇಳಿದಂತೆ ನಡೆಯೋಣ. ಮೊದಲ ಮಣ್ಣು ನಾನು ಹಾಕುತ್ತೇನೆ," ಎಂದ. ಮುಳ್ಳುಹಂದಿಗಳು ಮಣ್ಣು ಅಗೆದವು, ಮಂಗಗಳು ಹೊತ್ತು ತಂದವು, ಮೊಲಗಳು ಗುಂಡಿಗೆ ತುಂಬಿ ತುಳಿದವು. ತಾಯವ್ವನೂ ಬಂದಳು. ಆದರೂ ಜ್ವರ ಒಂದೇ ದಿನಕ್ಕೆ ಹೋಗಲಿಲ್ಲ. ಇನ್ನೂ ಇಬ್ಬರನ್ನು ಕೊಂಡೊಯ್ದ ಮೇಲೆಯೇ ಅದು ಕಾಡು ಬಿಟ್ಟಿತು.

ಮುಂದಿನ ವರ್ಷ ಬೇಸಗೆ ಮುಗಿಯುವ ಮೊದಲೇ ಗುಂಡಿಗಳು ಮುಚ್ಚಿದ್ದವು, ದಿಬ್ಬ ಚೊಕ್ಕಟವಾಗಿತ್ತು. ಮಳೆಗಾಲದುದ್ದಕ್ಕೂ ವಾರಕ್ಕೊಂದು ಸುತ್ತು ತಪ್ಪಲಿಲ್ಲ. ಆ ವರ್ಷ ಕಗ್ಗಲ ಕಾಡಿನಲ್ಲಿ ಯಾರಿಗೂ ಜ್ವರ ಬರಲಿಲ್ಲ.

ಮಳೆಗಾಲ ಮುಗಿಯುತ್ತ ಬಂದಾಗ ರಾಚಪ್ಪ ಗೊಣಗಿದ, "ನೋಡಿ ಅಧ್ಯಕ್ಷರೇ, ಈ ಸಲ ಜ್ವರವೇ ಬರಲಿಲ್ಲ. ಸುಮ್ಮನೆ ನಮ್ಮನ್ನು ದುಡಿಸಿದಿರಿ."

ಹೊಗಳಿಕೆ ಕೇಳಿ ಬೆಳೆದವನು ಬೊಮ್ಮಣ್ಣ. ಹಿಂದಿನ ಕಾಲವಾಗಿದ್ದರೆ ಅವನಿಗೆ ಸಿಟ್ಟು ಬರುತ್ತಿತ್ತು. ಈಗ ಬರಲಿಲ್ಲ.

"ಹೌದು ರಾಚಪ್ಪ, ಬರಲಿಲ್ಲ," ಎಂದ ಅವನು. "ನಿನ್ನ ಮರದ ಪೊಟರೆಯಲ್ಲಿ ನಿನ್ನೆಯ ಮಳೆನೀರು ನಿಂತಿದೆ. ಇಳಿದು ಬಾ, ಮಣ್ಣು ತುಂಬೋಣ."

ನೀತಿ: ರೋಗ ಬಂದ ಮೇಲೆ ತೋರುವ ದೊಡ್ಡ ಧೈರ್ಯಕ್ಕಿಂತ, ಅದು ಬರುವ ಮುನ್ನ ಊರು ಕಾಯುವವರು ಮಾಡುವ ಸಣ್ಣ ಕೆಲಸವೇ ಹೆಚ್ಚು ಜೀವಗಳನ್ನು ಉಳಿಸುತ್ತದೆ.