ಅರಾಜಕತೆ ಕಲಿಯಲು ಬಂದವಳು

ತುಂಗಭದ್ರೆಯ ದಂಡೆಯಲ್ಲಿ ಮುಚ್ಚಿಹೋದ ಅಕ್ಕಿ ಗಿರಣಿಯೊಂದಿತ್ತು. ಅದರೊಳಗೆ ಕಲ್ಮೇಶ ಎಂಬ ಗುರು ಗಿಟಾರು ಕಲಿಸುತ್ತಿದ್ದ.

ಅವನದು ಪಂಕ್ ಸಂಗೀತ. ಜೋರು ಬಡಿತ, ನಾಲ್ಕು ಸಾಲಿನ ಹಾಡು, ಎದೆಯಲ್ಲಿದ್ದದ್ದನ್ನು ಕೂಗಿ ಹೇಳುವುದು, ಅಷ್ಟೇ. ಪಂಕ ಅಂದರೆ ಕೆಸರಲ್ಲವೇ ಎಂದು ಊರವರು ತಮಾಷೆ ಮಾಡುತ್ತಿದ್ದರು. ಅವನೂ ಹೌದೆಂದು ನಗುತ್ತಿದ್ದ.

ಒಂದು ದಿನ ಅವನಲ್ಲಿಗೆ ಮಂದಾರ ಬಂದಳು. ತಲೆಯ ಒಂದು ಪಕ್ಕ ಬೋಳಿಸಿಕೊಂಡಿದ್ದಳು. ಅಂಗಿಯ ತುಂಬ ಪಿನ್ನು. ಬೆನ್ನ ಮೇಲೆ ಕೆಂಪು ಬಣ್ಣದಲ್ಲಿ ದಪ್ಪಗೆ ಬರೆದಿತ್ತು: ಅರಾಜಕತೆ.

ಅವಳಿಗೆ ಒಳ್ಳೆಯ ಗಂಟಲಿತ್ತು. ಆದರೂ ಹಿಂದಿನ ಬ್ಯಾಂಡಿನವರು ಅವಳನ್ನು ಹೊರಗೆ ಕಳಿಸಿದ್ದರು. ಹಾಡಿನ ಹುರುಪಿನಲ್ಲಿ ಅವರ ಡ್ರಮ್ಮನ್ನು ಒದ್ದು ಹರಿದಿದ್ದಳು. ಕೇಳಿದ್ದಕ್ಕೆ, ಇದು ನನ್ನ ಸ್ವಾತಂತ್ರ್ಯ ಎಂದಿದ್ದಳು.

"ಗುರುಗಳೇ, ನನ್ನನ್ನು ಶಿಷ್ಯೆ ಮಾಡಿಕೊಳ್ಳಿ."

"ರಾಜ ಬೇಡ ಅಂತ ಬೆನ್ನ ಮೇಲೆ ಬರೆದುಕೊಂಡಿದ್ದೀಯ. ಗುರು ಯಾಕೆ ಬೇಕು?"

ಮಂದಾರ ಕೈ ಹಿಂದೆ ಚಾಚಿ ಬೆನ್ನ ಮೇಲಿನ ಅಕ್ಷರ ಮುಟ್ಟಿಕೊಂಡಳು.

"ಅಣ್ಣಾ ಅನ್ನು, ಸಾಕು," ಎಂದ ಕಲ್ಮೇಶ. "ಆ ಪದಕ್ಕೆ ಅರ್ಥ ಏನು?"

"ಆಳುವವರು ಇಲ್ಲ ಅಂತ. ಯಾರ ಮಾತೂ ಕೇಳಬೇಕಿಲ್ಲ ಅಂತ."

"ಮೊದಲನೆಯದು ಸರಿ."

"ಎರಡನೆಯದು?"

ಅವನು ಈರುಳ್ಳಿಯ ಬುಟ್ಟಿಯನ್ನು ಅವಳ ಮುಂದೆ ತಳ್ಳಿದ. "ಇವತ್ತು ಹುಡುಗರು ಅಭ್ಯಾಸಕ್ಕೆ ಬರುತ್ತಾರೆ. ಮಂಡಕ್ಕಿ ಕಲಸಬೇಕು. ಹೆಚ್ಚಿಕೊಡು."

"ಇದು ಆಜ್ಞೆಯಾ?"

"ಅಲ್ಲವಲ್ಲ. ನಿನಗೆ ಬೇಡ ಅಂದರೆ ನಾನು ಹೆಚ್ಚುತ್ತೀನಿ."

ಹೇಳಿದವನೇ ಕೂತು ಹೆಚ್ಚತೊಡಗಿದ. ಕಣ್ಣಿಂದ ಧಾರಾಕಾರ ನೀರು. ಮಂದಾರ ಸ್ವಲ್ಪ ಹೊತ್ತು ನೋಡುತ್ತಾ ನಿಂತಳು. ಆಮೇಲೆ ಇನ್ನೊಂದು ಚಾಕು ಹುಡುಕಿ ತಂದು ಪಕ್ಕದಲ್ಲಿ ಕೂತಳು.

ಹೀಗೆ ಅವಳು ಗಿರಣಿಯವಳಾದಳು. ಮೊದಲು ಬಂದವರು ಕಸ ಗುಡಿಸುತ್ತಿದ್ದರು, ಕೊನೆಗೆ ಹೋಗುವವರು ಪಾತ್ರೆ ತೊಳೆಯುತ್ತಿದ್ದರು. ಅವಳಿಗೆ ಇದು ಸಪ್ಪೆ ಅನ್ನಿಸಿತು.

"ಅಣ್ಣಾ, ಬಸ್ಸಿಗೆ ಕಲ್ಲು ಬಿದ್ದರೆ ಪೇಪರಿನವರು ಅರಾಜಕತೆ ಅಂತ ಬರೆಯುತ್ತಾರೆ. ನಾವು ನೋಡಿದರೆ ಮಂಡಕ್ಕಿ ಕಲಸುತ್ತಾ ಕೂತಿದ್ದೀವಿ."

"ರಾಜರು ಬಸ್ಸಿನಲ್ಲಿ ಓಡಾಡೋದಿಲ್ಲ ಮಂದಾರ," ಎಂದ ಕಲ್ಮೇಶ.

ಒಂದು ಭಾನುವಾರ ಮಧ್ಯಾಹ್ನ ಗಿರಣಿಯಲ್ಲಿ ಸಂಗೀತ ಕಛೇರಿ. ಗ್ಯಾರೇಜಿನ ಹುಡುಗರು, ನರ್ಸಿಂಗ್ ಓದುವ ಹುಡುಗಿಯರು, ಮೀಸೆಯ ಪೋಸ್ಟ್‌ಮ್ಯಾನ್ ಒಬ್ಬ, ಎಲ್ಲ ಬಂದರು. ಮಂದಾರ ಅಲ್ಲಿನ ಕಟ್ಟೆಯ ಮೇಲೆ ನಿಂತು ಮೊದಲ ಬಾರಿಗೆ ಮೈಕು ಹಿಡಿದಳು. ಒಂದೇ ಹಾಡಿಗೆ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾ ಕುಣಿಯತೊಡಗಿದರು. ಪಂಕ್ ಕುಣಿತವೇ ಹಾಗೆ.

ಹಾಡು ಮುಗಿಯುವಷ್ಟರಲ್ಲಿ ಪಕ್ಕದ ಮನೆಯ ಗಂಗವ್ವ ಬಾಗಿಲಲ್ಲಿ ಬಂದು ನಿಂತಳು.

"ಮೊಮ್ಮಗನಿಗೆ ಹಲ್ಲು ಬರಾಕತ್ತಾವ. ರಾತ್ರಿಯೆಲ್ಲ ಅತ್ತು ಈಗಷ್ಟೇ ಮಲಗೈತಿ. ಒಂಚೂರು ತಡೀತೀರೇನಪ್ಪಾ?"

ಮಂದಾರ ಮೈಕಿನಲ್ಲೇ ಹೇಳಿದಳು: "ಇಲ್ಲಿ ಯಾರ ಅಪ್ಪಣೆಯೂ ನಡೆಯೋದಿಲ್ಲ ಅಜ್ಜಿ."

ಯಾರೋ ಸಿಳ್ಳೆ ಹೊಡೆದರು. ಅವಳಿಗೆ ಹಿತವಾಯಿತು. ಮುಂದಿನ ಹಾಡಿಗೆಂದು ಹಿಂದೆ ತಿರುಗಿದರೆ ಕಲ್ಮೇಶ ಗಿಟಾರಿನ ವೈರು ಕಿತ್ತು ಸುತ್ತಿಡುತ್ತಿದ್ದ.

"ಅಣ್ಣಾ, ಬಾರಿಸು."

"ನನಗೆ ಈಗ ಬೇಡ."

"ನೀನೂ ಅಪ್ಪಣೆಗೆ ಬಗ್ಗಿದೆಯಲ್ಲ."

"ಅವಳು ಅಪ್ಪಣೆ ಮಾಡಲಿಲ್ಲ. ಕೇಳಿದಳು."

"ಕೇಳಿದವರಿಗೆಲ್ಲ ನಿಲ್ಲಿಸುತ್ತಾ ಹೋದರೆ ನಮ್ಮ ಸ್ವಾತಂತ್ರ್ಯ ಎಲ್ಲಿ ಉಳಿಯಿತು?"

"ಮೈಕು ನಿನ್ನ ಕೈಯಲ್ಲೇ ಇದೆ. ಹಾಡು. ನಿನ್ನನ್ನು ತಡೆಯುವವರು ಇಲ್ಲಿ ಯಾರೂ ಇಲ್ಲ."

ಮಂದಾರ ಸುತ್ತ ನೋಡಿದಳು. ಅವನ ಮಾತು ನಿಜವಾಗಿತ್ತು. ಮನೆಯಲ್ಲಿ ಅಪ್ಪ ಇದ್ದ, ಹಾಸ್ಟೆಲಿನಲ್ಲಿ ವಾರ್ಡನ್ ಇದ್ದಳು. ಎದುರು ನಿಂತು ಕೂಗಾಡಲು ಅವಳಿಗೆ ಯಾವಾಗಲೂ ಯಾರಾದರೊಬ್ಬರು ಸಿಗುತ್ತಿದ್ದರು. ಇಲ್ಲಿ ಎದುರಿಗಿದ್ದದ್ದು ಗಂಗವ್ವ ಒಬ್ಬಳೇ. ನಿದ್ದೆಗೆಟ್ಟ ಕಣ್ಣು. ಸೆರಗಿನ ಮೇಲೆ ಕೂಸು ಕಕ್ಕಿದ ಹಾಲಿನ ಕಲೆ.

ಅವಳ ಕೈ ತಾನಾಗಿಯೇ ಹೋಗಿ ಮೈಕು ಆರಿಸಿತು.

"ಕೂಸು ಎಷ್ಟೊತ್ತು ಮಲಗುತ್ತೆ ಅಜ್ಜಿ?"

"ಅದನ್ನ ಅದಕ್ಕೇ ಕೇಳಬೇಕವ್ವಾ."

ಎಲ್ಲರೂ ನಕ್ಕರು. ಮಂದಾರಳಿಗೂ ನಗು ಬಂತು.

ಜನ ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂತರು. ಮಂಡಕ್ಕಿ ಪೊಟ್ಟಣ ಕೈಯಿಂದ ಕೈಗೆ ಸಾಗಿತು. ಸಿಳ್ಳೆ ಹೊಡೆದವನೂ ಪಿಸುಮಾತಿನಲ್ಲೇ ಹರಟುತ್ತಿದ್ದ. ನಡುವೆ ಕೆಲವರು ಎದ್ದು ಹೋದರು.

"ಎಲ್ಲರೂ ಹೋಗಿಬಿಟ್ಟರೆ ಅಣ್ಣಾ?"

"ಹೋಗಬಹುದು. ಕಟ್ಟಿಹಾಕಿ ಹಾಡು ಕೇಳಿಸೋಕಾಗುತ್ತಾ?"

ಯಾರಾದರೂ ಎದ್ದಾಗಲೆಲ್ಲ ಅವಳು ಉಳಿದವರನ್ನು ಎಣಿಸುತ್ತಿದ್ದಳು.

ಬಿಸಿಲು ಇಳಿಯುವ ಹೊತ್ತಿಗೆ ಗಂಗವ್ವ ಮತ್ತೆ ಬಂದಳು. ಕೈಯಲ್ಲಿ ತಟ್ಟೆ ತುಂಬ ಬಿಸಿ ಮೆಣಸಿನಕಾಯಿ ಬಜ್ಜಿ.

"ಎದ್ದೈತಿ. ಅವ್ವನ ಕೂಡ ಆಡಾಕತ್ತೈತಿ. ಇನ್ನ ಎಷ್ಟು ಬೇಕೋ ಅಷ್ಟು ಬಡೀರಿ." ಹೀಗೆಂದವಳು ಎಲ್ಲರ ಹಿಂದೆ ಗಿರಣಿಯೊಳಗೆ ಬಂದು ತಾನೂ ಒಂದು ಗೋಣಿಚೀಲ ಎಳೆದುಕೊಂಡು ಗೋಡೆಗೊರಗಿ ಕೂತಳು.

ಅವತ್ತು ಮಂದಾರ ಹಾಡಿದ ಹಾಗೆ ಹಿಂದೆಂದೂ ಹಾಡಿರಲಿಲ್ಲ. ಹುರುಪು ತಡೆಯಲಾರದೆ ಹಾಡುತ್ತಲೇ ಕುಣಿಯುವವರ ನಡುವೆ ಧುಮುಕಿದಳು. ಕಾಲು ಜಾರಿತು. ಧೊಪ್ಪನೆ ಬಿದ್ದಳು. ಸುತ್ತ ನೂರು ಕಾಲುಗಳು.

ಹೆದರಿಕೆ ಹುಟ್ಟುವ ಮೊದಲೇ ಕಂಕುಳ ಕೆಳಗೆ ಕೈಗಳು ಬಂದವು. ನರ್ಸಿಂಗ್ ಹುಡುಗಿಯೊಬ್ಬಳು ತೋಳು ಚಾಚಿ ಬೇರೆಯವರನ್ನು ತಡೆದಳು. ಪೋಸ್ಟ್‌ಮ್ಯಾನ್ ಮೈಕು ಎತ್ತಿ ಒರೆಸಿ ಕೊಟ್ಟ. ಯಾರೋ ಅವಳ ಚಪ್ಪಲಿ ಹಿಡಿದು ನಿಂತಿದ್ದರು. ಹಾಡಿನ ಒಂದು ಸಾಲು ತಪ್ಪಿತು, ಅಷ್ಟೇ. ಮುಂದಿನ ಸಾಲಿಗೆ ಅವಳು ಎದ್ದು ನಿಂತಿದ್ದಳು.

ಹಾಡು ಮುಗಿಸಿ, ಏದುಸಿರು ಬಿಡುತ್ತಾ ಕಲ್ಮೇಶನ ಹತ್ತಿರ ಬಂದಳು.

"ಅಣ್ಣಾ, ಬಿದ್ದವರನ್ನು ಎತ್ತಬೇಕು ಅಂತ ಇವರಿಗೆ ಹೇಳಿಕೊಟ್ಟವರು ಯಾರು?"

ಕಲ್ಮೇಶ ಗಿಟಾರಿನ ತಂತಿ ಬಿಗಿ ಮಾಡುತ್ತಿದ್ದ.

"ಮುಂದಿನ ಹಾಡು ನಾನು ಹಾಡ್ತೀನಿ. ನೀನು ಕೆಳಗೆ ಹೋಗಿ ಅವರ ನಡುವೆ ನಿಂತುಕೋ."