ಕುಂಬಾರನ ಮನೆಯ ಕೂಸು

"ಗುರುಗಳೇ, ಒಳಗಿರುವುದೆಲ್ಲ ಕಣ್ಣಿಗೆ ಕಂಡುಬಿಟ್ಟರೆ ಮನುಷ್ಯನ ದುಃಖ ಕಡಿಮೆಯಾಗಬೇಕಲ್ಲವೇ?"

ಶಿಷ್ಯ ಚರಂತಯ್ಯ ಇದನ್ನು ಕೇಳಿದ್ದು ಆಸ್ಪತ್ರೆಯಿಂದ ಮಠಕ್ಕೆ ಮರಳಿದ ಮೇಲೆ. ಗುರುಗಳ ಮೊಣಕಾಲು ನೋವಿಗೆ ಅಲ್ಲಿ ಶಬ್ದದ ಚಿಕಿತ್ಸೆ ನಡೆದಿತ್ತು. ಕಾಲಿಗೆ ತಣ್ಣನೆಯ ಜೆಲ್ ಸವರಿ, ಗುಂಡು ತಲೆಯ ಒಂದು ಹಿಡಿಯನ್ನು ಅದರ ಮೇಲೆ ಮೆಲ್ಲಗೆ ಆಡಿಸುತ್ತಿದ್ದರು. ಕಿವಿಗೆ ಏನೂ ಕೇಳುತ್ತಿರಲಿಲ್ಲ. ಇದೇ ಬಗೆಯ ಶಬ್ದ ಪಿತ್ತಕೋಶದ ಕಲ್ಲನ್ನೂ ತೋರಿಸುತ್ತದೆ, ಬಸುರಿಯ ಹೊಟ್ಟೆಯ ಕೂಸನ್ನೂ ತೋರಿಸುತ್ತದೆ, ಇನ್ನೂ ಏನೇನು ಮಾಡೀತೆಂದು ದೊಡ್ಡ ದೊಡ್ಡ ಕಡೆ ಹುಡುಕಾಟ ನಡೆದೇ ಇದೆ ಎಂದು ಅಲ್ಲಿಯವರು ಹೇಳಿದ್ದರು. ಆಗಿನಿಂದ ಚರಂತಯ್ಯನ ತಲೆಯಲ್ಲಿ ಅದೇ ಹುಳು ಕೊರೆಯುತ್ತಿತ್ತು.

ಗುರುಗಳು ಕಾಲು ನೀವಿಕೊಂಡರು.

"ನನ್ನ ಮೊಣಕಾಲು ತೋರಿಸಿಕೊಂಡು ಬರೋಣ ಎಂದರೆ ನೀನು ಲೋಕದ ದುಃಖಕ್ಕೇ ಔಷಧಿ ತಂದೆಯಲ್ಲೋ. ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಚರಂತಯ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಒಳ್ಳೆಯವನು, ಮಾತು ಕಡಿಮೆ. ಮನೆಯಲ್ಲಿ ತಾಯಿ, ಅಣ್ಣ, ಅತ್ತಿಗೆ, ಹೆಂಡತಿ. ಮಡಕೆಯನ್ನು ಸುಟ್ಟು ಆವಿಗೆಯಿಂದ ತೆಗೆದ ಮೇಲೆ ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳುತ್ತಾರೆ, ನೀನು ನೋಡಿರುತ್ತೀ. ಗಟ್ಟಿ ಮಡಕೆ ಟಣ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ ಡಬ್ ಎನ್ನುತ್ತದೆ. ಆ ಮನೆಯಲ್ಲೊಂದು ರೂಢಿಯಿತ್ತು. ಬಿರುಕಿನ ಸದ್ದು ಬಂದರೆ ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆವಿಗೆಯ ಮುಂದೆ ಕೆಟ್ಟ ಮಾತು ಆಡಬಾರದೆಂದು ಹಿರಿಯರು ಕಲಿಸಿದ್ದರು. ಮಡಕೆಯನ್ನು ಸುಮ್ಮನೆ ಎತ್ತಿ ಹಿತ್ತಲಿಗೆ ಇಟ್ಟುಬಿಡುತ್ತಿದ್ದರು. ನೋಡಿದವರು ತಾವೇ ತಿಳಿದುಕೊಳ್ಳಬೇಕು. ಮಡಕೆಯ ಮಟ್ಟಿಗೆ ಅದು ಸರಿಯೇ. ಆದರೆ ಮನೆಗೆ ಬಂದ ರೂಢಿ ಮಡಕೆಯ ಹತ್ತಿರವೇ ನಿಂತೀತೇ?

ಹಿಂದೊಮ್ಮೆ ಅತ್ತಿಗೆ ಬಸುರಾಗಿದ್ದಳು. ಆಗಲೇ ಅವಳಿಗೆ ಹೆಣ್ಣುಮಕ್ಕಳಿದ್ದರು. ಅವಳನ್ನು ದೂರದ ಯಾವುದೋ ಊರಿಗೆ ಕರೆದೊಯ್ದು ಹೊಟ್ಟೆ ತೋರಿಸಿದರು. ಗರ್ಭದ ಕೂಸು ಗಂಡೋ ಹೆಣ್ಣೋ ಎಂದು ಹೇಳುವುದು ಅಪರಾಧ ಎಂದು ಅಲ್ಲಿಯೂ ಗೋಡೆಯ ಮೇಲೆ ಬೋರ್ಡಿತ್ತು. ಬೋರ್ಡಿನ ಕೆಳಗೇ ಹೇಳುವವರೂ ಇದ್ದರು. ಮನೆಗೆ ಬಂದ ಮೇಲೆ ಯಾರೂ ಏನೂ ಮಾತಾಡಲಿಲ್ಲ. ಅತ್ತೆ ಅವಳಿಗೆ ಬಿಸಿ ರೊಟ್ಟಿಯನ್ನು ಎಲ್ಲರಿಗಿಂತ ಮೊದಲು ಹಾಕಿದಳು. ನೀರು ತರಗೊಡಲಿಲ್ಲ. ಆಮೇಲೆ ಬಾಗಿಲಿಗೆ ಒಂದು ಕಾರು ಬಂತು. ಅತ್ತಿಗೆ ಅದರಲ್ಲಿ ಹೋದಳು. ಮರಳಿದಾಗ ಹೊಟ್ಟೆಯಲ್ಲಿ ಕೂಸಿರಲಿಲ್ಲ. ಊರವರು ಕೇಳಿದರೆ, ಕೂಸಿನ ಎದೆ ಸರಿಯಿರಲಿಲ್ಲವಂತೆ ಎಂದು ಮನೆಯವರು ಹೇಳಿದರು.

ಕುಂಬಾರನಿಗೆ ನಿಜ ಗೊತ್ತಿತ್ತು. ಸುಮ್ಮನಿದ್ದ. ಅವನ ಹೆಂಡತಿ ಆಗ ಹೊಸ ಸೊಸೆ. ಅತ್ತಿಗೆ ಹಿತ್ತಲಿನ ಒಡಕು ಮಡಕೆಗಳ ನಡುವೆ ಕೂತು ಅಳುವುದನ್ನು ಅವಳು ನೋಡಿದಳು. ಹೋಗಿ ಬೆನ್ನು ಸವರಿದಳು. ಅವಳೂ ಏನೂ ಕೇಳಲಿಲ್ಲ, ಕೇಳದೆಯೇ ತಿಳಿದುಕೊಂಡಳು.

ಕಾಲ ಕಳೆಯಿತು. ಕುಂಬಾರನ ಹೆಂಡತಿ ಬಸುರಾದಳು. ಇನ್ನು ಆಗಲಿಕ್ಕಿಲ್ಲ ಎಂದು ಎಲ್ಲರೂ ಆಸೆ ಬಿಟ್ಟ ಮೇಲೆ ಆದ ಬಸುರು. ಅವಳಿಗೆ ನೆಲ ಕಾಣದಷ್ಟು ಸಂತೋಷ. ಐದನೆಯ ತಿಂಗಳಿಗೆ ಅವಳನ್ನು ತಾಲ್ಲೂಕಿನ ಊರಿನಲ್ಲಿದ್ದ ಒಬ್ಬ ವೈದ್ಯೆಯ ಹತ್ತಿರ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದರು.

ಈ ವೈದ್ಯೆ ಕೈ ಬಾಯಿ ಶುದ್ಧವಿದ್ದ ಹೆಂಗಸು. ಗಂಡು ಹೆಣ್ಣಿನ ಮಾತನ್ನು ಯಾರೂ ಆಕೆಯ ಬಾಯಿಂದ ಹೊರಡಿಸಿದ್ದಿಲ್ಲ. ಪರದೆಯನ್ನು ಬಸುರಿಯ ಕಡೆ ತಿರುಗಿಸಿ, ಇದು ತಲೆ, ಇದು ಅಂಗೈ ಎಂದು ತೋರಿಸುವುದು ಆಕೆಯ ಅಭ್ಯಾಸ. ಅಂದೂ ತೋರಿಸಿದಳು. ಎದೆಬಡಿತ ಕೇಳಿಸಿದಳು. ಬಸುರಿ ನಕ್ಕಳು, ನಗುತ್ತಲೇ ಅತ್ತಳು. ಆಮೇಲೆ ಕೂಸಿನ ಎದೆಯ ಹತ್ತಿರ ಬಂದಾಗ ವೈದ್ಯೆಯ ಮಾತು ನಿಂತಿತು. ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಬಹಳ ಹೊತ್ತು ನೋಡಿದಳು.

ಬಸುರಿಯನ್ನು ಹೊರಗೆ ಕೂರಿಸಿ ಕುಂಬಾರನನ್ನೂ ಅವನ ತಾಯಿಯನ್ನೂ ಒಳಗೆ ಕರೆದಳು. ಕೂಸಿನ ಹೃದಯದಲ್ಲಿ ರಕ್ತ ಹರಿಯುವ ದಾರಿ ಸರಿಯಾಗಿಲ್ಲ ಎಂದಳು. ಕುಂಬಾರನಿಗೆ ತಿಳಿಯಲೆಂದು ಅವನ ಕಸುಬಿನ ಮಾತಿನಲ್ಲೇ ಹೇಳಿದಳು.

"ನೀವು ಮಡಕಿ ಬಡದು ಸದ್ದು ಕೇಳ್ತೀರಲ್ಲ, ಇದೂ ಹಂಗ. ನಮ್ಮ ಕಿವಿಗೆ ಕೇಳದಂಥಾ ಸದ್ದು ಒಳಗ ಕಳಸ್ತೀವಿ, ಅದು ತಿರುಗಿ ಬರೂದನ್ನ ನೋಡ್ತೀವಿ. ನೀವು ಸುಟ್ಟ ಮ್ಯಾಲ ನೋಡ್ತೀರಿ, ನಾವು ಹಸಿ ಇದ್ದಾಗಲೇ ನೋಡೀವಿ. ಹಸಿ ಬಿರುಕು ಮೆತ್ತಬಹುದಲ್ರಿ? ಹುಟ್ಟಿದ ಕೂಡ್ಲೆ ಔಷಧ ಕೊಟ್ಟು ಆಪರೇಷನ್ ಮಾಡೋರು ಪಟ್ಟಣದ ದೊಡ್ಡ ಆಸ್ಪತ್ರ್ಯಾಗ ಅದಾರ. ಹೆರಿಗಿ ಅಲ್ಲೇ ಆಗಬೇಕು. ಈ ವಾರನ ಹೋಗಿ ತೋರಸ್ರಿ. ಕೂಸು ಉಳೀತದ."

ಕುಂಬಾರನ ತಾಯಿ ಕೈ ಮುಗಿದಳು. "ಆಕಿಗಿ ಮಾತ್ರ ಹೇಳಬ್ಯಾಡ್ರಿ ಬಾಯಾರ. ಎದಿ ಒಡಕೊಂತಾಳ."

ಬಸುರಿಗೆ ಕೆಟ್ಟ ಸುದ್ದಿ ಹೇಳಬಾರದೆಂಬುದು ನಮ್ಮಲ್ಲಿ ಎಲ್ಲರೂ ಒಪ್ಪುವ ಮಾತು. ಕುಂಬಾರ ಒಪ್ಪಿದ. ಕೊಂಚ ತಡೆದು ವೈದ್ಯೆಯೂ ಒಪ್ಪಿದಳು. ಚರಂತಯ್ಯಾ, ಇದನ್ನು ನೆನಪಿಟ್ಟುಕೋ, ಅಂದು ಆ ಕೋಣೆಯಲ್ಲಿ ಇದ್ದವರಿಗೆಲ್ಲ ಆ ಕೂಸು ಬೇಕಾಗಿತ್ತು.

ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದಳು. ಕುಂಬಾರ ಹೆಂಡತಿಯ ಮುಖ ನೋಡದೆ ಚಪ್ಪಲಿ ಹುಡುಕಿದ. ಬಸುರಿ ಬಾಗಿಲಿಗೆ ಬಂದು ವೈದ್ಯೆಯ ಕೈ ಹಿಡಿದಳು.

"ಏನ್ ಕಂಡ್ರಿ ಬಾಯಾರ?"

"ನಿಮ್ಮ ಮನಿಯವರಿಗೆ ಎಲ್ಲಾ ಹೇಳೀನಿ. ನೀವು ತಲಿ ಕೆಡಿಸ್ಕೋಬ್ಯಾಡ್ರಿ" ಎಂದು ವೈದ್ಯೆ ಅವಳ ಕೆನ್ನೆ ತಟ್ಟಿದಳು.

ಪ್ರೀತಿಯಿಂದಲೇ ತಟ್ಟಿದಳು. ಬಸುರಿ ಇಲ್ಲಿಯೂ ಗೋಡೆಯ ಮೇಲಿದ್ದ ಅದೇ ಬೋರ್ಡು ನೋಡಿದಳು. ಮೆಟ್ಟಿಲಿಳಿಯುತ್ತಿದ್ದ ಗಂಡನ ಬೆನ್ನು ನೋಡಿದಳು. ಹಾದಿಯುದ್ದಕ್ಕೂ ಯಾರೂ ಮಾತಾಡಲಿಲ್ಲ.

ಅಂದು ಸಂಜೆ ಅತ್ತೆ ಅವಳಿಗೆ ಬಿಸಿ ರೊಟ್ಟಿಯನ್ನು ಎಲ್ಲರಿಗಿಂತ ಮೊದಲು ಹಾಕಿದಳು. ನೀರು ತರಗೊಡಲಿಲ್ಲ. ಮರುದಿನ ಕುಂಬಾರ, ದೊಡ್ಡ ಆಸ್ಪತ್ರೆಗೆ ಹೋಗಿ ಬರೋಣ, ಕಾರಿಗೆ ಹೇಳಿದ್ದೇನೆ ಎಂದ. ಯಾಕೆ ಎಂದು ಕೇಳಿದರೆ, ಸುಮ್ಮನೆ ಎಂದ. ಅವಳಿಗೆ ಇನ್ನೇನು ಹೇಳಬೇಕಿತ್ತು? ಅತ್ತಿಗೆಗೆ ಆದದ್ದೇ ತನಗೂ ಆಗುತ್ತಿದೆ ಎಂದುಕೊಂಡಳು. ಒಡಕು ಮಡಕೆಯನ್ನು ಹಿತ್ತಲಿಗೆ ಇಡುವವರ ಮೌನ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದರ ಮರುದಿನ ಬೆಳಗಾಗುತ್ತಲೇ ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಬಸ್ಸು ಹಿಡಿದು, ಹೊಳೆಯಾಚೆ ತನ್ನ ಚಿಕ್ಕಮ್ಮನ ಊರಿಗೆ ಹೋದಳು. ಕೂಸನ್ನು ಉಳಿಸಿಕೊಳ್ಳಲು ಹೋದಳು.

ಕುಂಬಾರ ಹುಡುಕಿಕೊಂಡು ಹೋದ. ಚಿಕ್ಕಮ್ಮ ಗಟ್ಟಿಗಿತ್ತಿ, ಹೊಸ್ತಿಲಿಗೆ ಅಡ್ಡ ಕೂತಳು. ಅವನು ಆಗ ಮೊದಲ ಸಲ ಬಾಯಿಬಿಟ್ಟ.

"ಕೂಸಿನ ಎದಿ ಸರಿ ಇಲ್ರಿ. ಅದಕ್ಕ ಕರಿಯಾಕ ಬಂದೀನಿ."

ಒಳಗಿನಿಂದ ಹೆಂಡತಿಯ ದನಿ ಬಂತು. "ನಿಮ್ಮ ಅತ್ತಿಗಿ ಕೂಸಿಗೂ ಹಿಂಗ ಅಂದಿದ್ರಿ."

ಕುಂಬಾರನ ಹತ್ತಿರ ಇದ್ದದ್ದು ಅದೊಂದೇ ನಿಜ. ಅದನ್ನು ಅವನ ಮನೆ ಆಗಲೇ ಸುಳ್ಳಿಗೆ ಬಳಸಿಬಿಟ್ಟಿತ್ತು. ಆಗ ತಾನು ಸುಮ್ಮನಿದ್ದದ್ದು ಅವನಿಗೆ ನೆನಪಾಯಿತು. ಹೊಲದ ಬದುವಿನಲ್ಲಿ ಕೂತು ಅತ್ತ. ಗಂಡಸು ಹಾಗೆ ಅಳುವುದನ್ನು ಆ ಊರವರು ನೋಡಿರಲಿಲ್ಲ.

ಅಲ್ಲಿಂದ ನೇರ ವೈದ್ಯೆಯ ಹತ್ತಿರ ಓಡಿದ. ನಡೆದದ್ದನ್ನೆಲ್ಲ, ಅತ್ತಿಗೆಯ ಸಂಗತಿಯನ್ನೂ ಸೇರಿಸಿ ಹೇಳಿದ. ಆಕೆ ತಲೆಯ ಮೇಲೆ ಕೈ ಹೊತ್ತು ಕೂತಳು. ಅವತ್ತೇ ಬಸುರಿಗೆ ಹೇಳಬೇಕಿತ್ತು ಎಂದಳು. ಕಾಯುತ್ತಿದ್ದವರನ್ನು ಕೈ ಮುಗಿದು ಕಳಿಸಿ ತನ್ನ ಕಾರು ತೆಗೆದಳು. ಚಿಕ್ಕಮ್ಮನ ಮನೆಯ ಮುಂದೆ ಕಾರಿನ ಸದ್ದು ಕೇಳಿದ್ದೇ ಬಸುರಿ ಹಿತ್ತಲಿನಿಂದ ಕಬ್ಬಿನ ಹೊಲಕ್ಕೆ ಇಳಿದಳು. ಅತ್ತಿಗೆಯನ್ನು ಒಯ್ದದ್ದೂ ಕಾರೇ ತಾನೆ. ವೈದ್ಯೆ ಬದುವಿನ ಮೇಲೆ ನಿಂತು ಹೆಸರು ಹಿಡಿದು ಕೂಗಿದಳು. ನಿನ್ನ ಕೂಸಿಗೆ ಯಾರೂ ಏನೂ ಮಾಡುವುದಿಲ್ಲ, ಬಾ ತಾಯಿ ಎಂದು ಗಂಟಲು ಬಿರಿಯುವಂತೆ ಕೂಗಿದಳು. ಹುಣಸೆಬೀಜದಷ್ಟಿದ್ದ ಹೃದಯದೊಳಗಿನ ದಾರಿಯನ್ನು ಕಂಡವಳಿಗೆ ಕಬ್ಬಿನ ಮರೆಯಲ್ಲಿ ಕೂತ ಹೆಂಗಸು ಕಾಣಲಿಲ್ಲ. ಹೊತ್ತು ಮುಳುಗುವವರೆಗೆ ಕಾದು ಹಿಂದಿರುಗಿದಳು.

ಕುಂಬಾರ ಮತ್ತೆ ಮತ್ತೆ ಹೋದ. ಅತ್ತಿಗೆ ಹೋಗಿ ಹೇಳಿದ್ದರೆ ಅವಳು ನಂಬುತ್ತಿದ್ದಳೋ ಏನೋ. ಆದರೆ ಅತ್ತಿಗೆಯನ್ನು ಕಳಿಸಬೇಕಾದರೆ ಅವಳ ಮುಂದೆ ಆ ಹಳೆಯ ಮಾತನ್ನು ಎತ್ತಬೇಕು. ಅದನ್ನು ಎತ್ತುವ ಎದೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಬಸುರಿಯಂತೂ ಮತ್ತೆ ಯಾವ ಯಂತ್ರಕ್ಕೂ ಹೊಟ್ಟೆ ತೋರಿಸಲಿಲ್ಲ.

ದಿನ ತುಂಬಿತು. ಅಲ್ಲಿಯೇ ಹತ್ತಿರದ ಒಂದು ಸಣ್ಣ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಕೂಸು ಜೋರಾಗಿ ಅತ್ತಿತು. ಕೆಂಪಗಿತ್ತು. ಬಾಯಿ ತೆರೆದು ಹಾಲು ಹುಡುಕಿ ಕುಡಿಯಿತು. ಅವಳು ಗೆದ್ದೆ ಎಂದುಕೊಂಡಳು. ಇನ್ನು ನನ್ನ ಕೂಸಿಗೆ ಯಾರೂ ಏನೂ ಮಾಡಲಾರರು, ಬಂದು ನೋಡಲಿ ಎಂದು ಗಂಡನಿಗೆ ಹೇಳಿಕಳಿಸಿದಳು.

ಕುಂಬಾರ ಓಡಿಬಂದ. ಕೂಸನ್ನು ಅಂಗೈಗೆ ತೆಗೆದುಕೊಂಡ. ವೈದ್ಯೆ ಕಂಡದ್ದೇ ತಪ್ಪಾಗಿರಲಿ ದೇವರೇ ಎಂದು ಬೇಡಿಕೊಂಡ. ಈಗಲಾದರೂ ದೊಡ್ಡ ಆಸ್ಪತ್ರೆಗೆ ಹೋಗೋಣ ಎನ್ನಲು ಬಾಯಿ ತೆರೆದ. ತೆರೆದು ಹೆಂಡತಿಯ ಕಡೆ ನೋಡಿದ. ಎಷ್ಟೋ ಕಾಲದ ಮೇಲೆ ಅವಳು ಅವನನ್ನು ನೋಡಿ ನಗುತ್ತಿದ್ದಳು. ನಾಳೆ ಹೇಳಿದರಾಯಿತು ಎಂದು ಬಾಯಿ ಮುಚ್ಚಿದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಚೆಂಬಿನಿಂದ ಒಂದು ಗುಟುಕು ನೀರು ಕುಡಿದರು. ಗುರುಗಳು ಮತ್ತೆ ಮಾತಾಡಿದಾಗ ದನಿ ಇಳಿದಿತ್ತು.

ಮರುದಿನ ಕೂಸು ಹಾಲು ಬಿಟ್ಟಿತು. ತುಟಿ ನೀಲಿಯಾದವು, ಆಮೇಲೆ ಉಗುರು. ಜೀಪು ಮಾಡಿಕೊಂಡು ಪಟ್ಟಣದ ಕಡೆ ಹೊರಟರು. ಪಟ್ಟಣ ದೂರ. ಹಾದಿಯಲ್ಲಿ ತಾಯಿಯ ತೊಡೆಯ ಮೇಲೆಯೇ ಕೂಸು ತಣ್ಣಗಾಯಿತು. ಅವಳು ಅದರ ಎದೆಗೆ ಕಿವಿಯಿಟ್ಟಳು. ತೆಗೆದಳು. ಮತ್ತೆ ಇಟ್ಟಳು. ಜೀಪಿನವನು ತಾನಾಗಿಯೇ ಗಾಡಿ ನಿಲ್ಲಿಸಿದ.

"ನಿಮಗ ಅವತ್ತ ಗೊತ್ತಿತ್ತೇನ್ರಿ?" ಎಂದು ಅವಳು ಗಂಡನನ್ನು ಕೇಳಿದಳು.

"ಗೊತ್ತಿತ್ತು. ನೀ ಅಂಜತೀ ಅಂತ ಹೇಳಲಿಲ್ಲ."

"ನಾ ಅಂಜಿದ್ದು ನಿಮಗ ರೀ" ಎಂದಳು.

ಆ ಕುಂಬಾರ ಇವತ್ತಿಗೂ ಮಡಕೆ ಮಾಡುತ್ತಾನೆ. ಬಿರುಕಿನದು ಕೈಗೆ ಬಂದರೆ ಬಿರುಕಿದೆ ಎಂದು ಆವಿಗೆಯ ಮುಂದೆಯೇ ಗಟ್ಟಿಯಾಗಿ ಹೇಳುತ್ತಾನೆ. ಅವನ ತಾಯಿಯೂ ಬೇಡವೆನ್ನುವುದಿಲ್ಲ. ಹೆಂಡತಿ ಅದೇ ಮನೆಯಲ್ಲಿದ್ದಾಳೆ. ಮಣ್ಣು ತುಳಿಯುತ್ತಾಳೆ, ರೊಟ್ಟಿ ಬಡಿಯುತ್ತಾಳೆ. ಅವರು ಜಗಳವಾಡುವುದಿಲ್ಲ. ಅವನು ಏನಾದರೂ ಹೇಳಿದರೆ ಹೂಂ ಎನ್ನುತ್ತಾಳೆ, ಅಷ್ಟೇ.

ಕತೆ ಮುಗಿಯಿತು. ಚರಂತಯ್ಯನ ಕಣ್ಣು ತುಂಬಿ ಬಂದಿತ್ತು. ಅವನು ತನ್ನ ಮೊದಲಿನ ಪ್ರಶ್ನೆಯನ್ನು ಮರೆತಿದ್ದ. ಉತ್ತರೀಯದಿಂದ ಮುಖ ಒರೆಸಿಕೊಂಡು, ಮೆಲ್ಲಗೆ ಕೇಳಿದ.

"ಪಾಪ. ಅದು ಗಂಡೋ ಹೆಣ್ಣೋ, ಗುರುಗಳೇ?"

ಗುರುಗಳು ಅವನ ಮುಖವನ್ನೇ ನೋಡಿದರು.

"ಕೂಸು ಎಂದೆನಲ್ಲ ಚರಂತಯ್ಯಾ, ನಿನಗೂ ಸಾಲಲಿಲ್ಲವೇ?"