ಮಣ್ಣಿಳಿಸಿದ ದಿಣ್ಣೆ

ಹಾಲಗೂಡಿನಿಂದ ಎರೆಬೋರೆಗೆ ಹೋಗುವ ಗಾಡಿದಾರಿಯ ಪಕ್ಕದಲ್ಲಿ ಆಳೆತ್ತರದ ಒಂದು ದಿಣ್ಣೆ ಇದೆ. ಅದರಿಂದ ಹತ್ತು ಮಾರು ಈಚೆಗೆ ಕಲ್ಲು ಕಟ್ಟಿದ ಕೊಳ. ಮೊನ್ನೆ ಪಂಚಾಯಿತಿಯವರು ಊರಿನ ಹಳೆಯ ಜಾಗಗಳ ಹೆಸರು ಬರೆದುಕೊಳ್ಳಲು ಬಂದಾಗ ಕೊಳದ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಕಟ್ಟಿಸಿದ ಗೌಡರ ಹೆಸರನ್ನು ಕಲ್ಲಿನಿಂದ ಒಂದಕ್ಷರ ಬಿಡದೆ ಇಳಿಸಿಕೊಂಡರು. ದಿಣ್ಣೆಯ ಎದುರು ‘ಮಣ್ಣಿನ ಗುಡ್ಡೆ, ವಿಶೇಷವಿಲ್ಲ’ ಎಂದು ಬರೆದು ಜೀಪು ಹತ್ತಿದರು. ವಿಶೇಷವೆಲ್ಲ ಕಲ್ಲಿನ ಮೇಲೇ ಇರುತ್ತದೆಂದು ಅವರಿಗೆ ಯಾರು ಹೇಳಿಕೊಟ್ಟರೋ!

ಹಿಂದೆ ಒಮ್ಮೆ, ಕೊಳಕ್ಕೆ ಕಲ್ಲು ಬೀಳುವ ಮುಂಚೆ, ಅಲ್ಲಿದ್ದದ್ದು ಬರೀ ಒರತೆ. ಅದು ತಮ್ಮದೆಂದು ಎರಡೂ ಊರಿನವರು ಜಗಳವಾಡುತ್ತಿದ್ದರು. ಜಗಳ ತೀರದ್ದರಿಂದ ನೀರು ಯಾರದೂ ಆಗಿರಲಿಲ್ಲ. ಯಾರದೂ ಅಲ್ಲದ ನೀರನ್ನು ಯಾರು ಮುಟ್ಟಬೇಕು, ಯಾರು ಮುಟ್ಟಬಾರದು ಎಂದು ಕೇಳುವವರಿರಲಿಲ್ಲ. ಊರಾಚೆಯ ಕೇರಿಯವರೂ ಕೊಡ ಮುಳುಗಿಸಿ ತುಂಬಿಕೊಳ್ಳುತ್ತಿದ್ದರು. ಕಡೆಗೊಂದು ಬೇಸಿಗೆ ಬಡಿದಾಟವಾಗಿ ತಲೆಗಳು ಒಡೆದ ಮೇಲೆ, ಎಲ್ಲೆ ನಡೆಸಿಯೇ ಬಿಡುವುದೆಂದು ತೀರ್ಮಾನವಾಯಿತು. ಎಲ್ಲೆ ಬಲ್ಲವನು ಹಾಲಗೂಡಿನ ಕುಳವಾಡಿ ಚಲುವಯ್ಯ. ಕೇರಿಯವನಾದರೂ ಗಡಿಯ ವಿಷಯದಲ್ಲಿ ಅವನ ಮಾತೇ ಕೊನೆ. ಪದ್ಧತಿಯಂತೆ ಅವನು ತನ್ನ ಊರಿನ ಮಣ್ಣು ಕಲಸಿ, ಉಂಡೆ ಮಾಡಿ, ತಲೆಯ ಮೇಲಿಟ್ಟುಕೊಂಡು ನಡೆಯಬೇಕು. ಅವನು ನಡೆದದ್ದೇ ಎಲ್ಲೆ. ಒಂದು ಹೆಜ್ಜೆ ಸುಳ್ಳಾದರೂ ಉಂಡೆ ಒಡೆಯುತ್ತದೆ ಎನ್ನುತ್ತಾರೆ.

ಚಲುವಯ್ಯ ತನ್ನ ಒಬ್ಬಳೇ ಮಗಳು ಹೊನ್ನಿಯನ್ನು ಕೊಟ್ಟದ್ದು ಎರೆಬೋರೆಗೆ. ಆ ಒರತೆ ತಪ್ಪಿದರೆ ಅವಳಿಗೆ ಎರಡು ಹರದಾರಿ ದೂರದ ಹೊಳೆಯೇ ಗತಿ. ಎಲ್ಲೆ ನಡೆಯುವ ದಿನ ತುಂಬು ಬಸುರಿ ಹೊನ್ನಿ ಖಾಲಿ ಕೊಡ ಕಂಕುಳಲ್ಲಿಟ್ಟುಕೊಂಡು, ಒರತೆಯಿಂದ ಹತ್ತು ಮಾರು ಆಚೆ, ಅಪ್ಪ ಹಾದುಹೋಗಬೇಕಾದ ಕಡೆಯೇ ನಿಂತಿದ್ದಳು. ಅವನು ಹತ್ತಿರ ಬಂದಾಗ ಮೆಲ್ಲಗೆ, “ಅಪ್ಪೋ, ಒರತೇನ ನಮ್ಮ ಕಡೀಕೆ ಬುಟ್ಟು ಅದರ ಆ ಪಕ್ಕದಲ್ಲಿ ನಡೆದುಬುಡು. ಈ ಹೊಟ್ಟೆ ಹೊತ್ಕಂಡು ಹೊಳೆಗಂಟ ನಾನೆಂಗೆ ಹೋಗ್ಲಿ?” ಎಂದಳು. ಅವನ ಕಾಲು ತಡೆಯಿತು. ಸುಳ್ಳು ನಡೆದರೆ, ಅಜ್ಜ ಮುತ್ತಜ್ಜಂದಿರು ಉಳಿಸಿಕೊಂಡು ಬಂದಿದ್ದ ಒಂದೇ ಒಂದು ಮರ್ಯಾದೆ ಮಣ್ಣುಪಾಲಾಗುತ್ತಿತ್ತು. ಉಂಡೆ ಹೊತ್ತವನು ಮಾತಾಡುವಂತೆಯೂ ಇಲ್ಲ. ಮಗಳ ಮುಖವನ್ನೊಮ್ಮೆ ನೋಡಿ, ನಿಜವಾದ ಎಲ್ಲೆಯಲ್ಲೇ, ಅವಳನ್ನು ದಾಟಿಕೊಂಡು ನಡೆದುಬಿಟ್ಟ. ಒರತೆ ಹಾಲಗೂಡಿನ ಪಾಲಾಯಿತು. ಉಂಡೆ ಬಿರುಕು ಕೂಡ ಬಿಡಲಿಲ್ಲ. ಹೊನ್ನಿ ಖಾಲಿ ಕೊಡದೊಂದಿಗೆ ಹೋದವಳು ಮತ್ತೆ ತೌರಿನ ಕಡೆ ಮುಖ ಹಾಕಲಿಲ್ಲ.

ಗೌಡರು ಹಿಗ್ಗಿ ಒರತೆಗೆ ಕಲ್ಲು ಕಟ್ಟಿಸಿ, ಮೆಟ್ಟಿಲು ಇಡಿಸಿದರು. ಪೂಜೆಯ ದಿನ ಚಲುವಯ್ಯನೂ ಕೊಡ ಹಿಡಿದು ಹೋದ. ಗೌಡರು ಸಿಟ್ಟಿನಿಂದೇನೂ ಮಾತಾಡಲಿಲ್ಲ. “ಚಲುವ, ಈಗಿದು ಊರ ಕೊಳ ಕಣೋ. ನೀನು ಮೆಟ್ಟಿಲು ಇಳೀಬಾರದು ಅನ್ನೋದು ನಿನಗೇ ಗೊತ್ತಲ್ಲ” ಎಂದರು. ಗೊತ್ತಿತ್ತು. ಊರಿನ ಎಲ್ಲೆಯೆಲ್ಲ ಬಲ್ಲವನಿಗೆ ಅದೊಂದು ಎಲ್ಲೆ ಮರೆತುಹೋಗಿತ್ತು, ಪಾಪ.

ಅವನು ಮನೆಗೆ ಹೋಗಿ, ಗೂಡಿನಲ್ಲಿಟ್ಟಿದ್ದ ಆ ಉಂಡೆಯನ್ನು ಹೊತ್ತು ತಂದು, ಹೊನ್ನಿ ನಿಂತಿದ್ದ ಜಾಗದಲ್ಲಿ ಇಳಿಸಿದ. ಎರೆಬೋರೆಯ ಕಡೆ ತಿರುಗಿ, “ನಾನು ನಡೆದದ್ದು ಸುಳ್ಳಲ್ಲ ಕನವ್ವ. ನಡೀಬಾರದಾಗಿತ್ತು, ಅಷ್ಟೇಯ” ಎಂದನಂತೆ. ಕೇಳಿಸಿಕೊಳ್ಳಬೇಕಾದವಳು ಅಲ್ಲಿರಲಿಲ್ಲ. ಆಮೇಲೆ ಯಾರು ಕರೆದರೂ ಅವನು ಎಲ್ಲೆ ನಡೆಯಲಿಲ್ಲ. ಬದುಕಿರುವ ತನಕ ದಿನಕ್ಕೊಂದು ಹಿಡಿ ಮಣ್ಣು ತಂದು ಅಲ್ಲಿ ಹಾಕಿ, ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದ. ಅವನು ಸತ್ತ ಸುದ್ದಿ ಮುಟ್ಟಿದ ದಿನ ಹೊನ್ನಿ ಆ ಕಡೆಯಿಂದ ಬಂದಳು. ಹಾಲಗೂಡಿಗೆ ಕಾಲಿಡದೆ, ತನ್ನೂರಿನ ಒಂದು ಹಿಡಿ ಮಣ್ಣು ಹಾಕಿ ಹೊರಟುಹೋದಳು. ಎರಡೂ ಕೇರಿಯ ಹೆಣ್ಣುಮಕ್ಕಳು ಗಂಡನ ಮನೆಗೆ ಹೋಗುವಾಗ ಇವತ್ತಿಗೂ ಅಲ್ಲಿ ತಂತಮ್ಮ ಊರಿನ ಒಂದು ಹಿಡಿ ಮಣ್ಣು ಹಾಕುತ್ತಾರೆ.

ಕೊಳದಲ್ಲಿ ಈಗ ನೀರಿಲ್ಲ, ಗೌಡರ ಹೆಸರಿದೆ. ದಿಣ್ಣೆ ಮಾತ್ರ ಇನ್ನೂ ಬೆಳೆಯುತ್ತಿದೆ. ಹೋದವರು ನೋಡಬಹುದು: ಹಾಲಗೂಡಿನ ಕಡೆಗೆ ಕೆಮ್ಮಣ್ಣು, ಎರೆಬೋರೆಯ ಕಡೆಗೆ ಕಪ್ಪು ಮಣ್ಣು. ನಡುವೆ ಎರಡೂ ಬೆರೆತುಹೋದ ಜಾಗದಲ್ಲಿ ಎಲ್ಲೆ ಎಲ್ಲಿದೆಯೆಂದು ತೋರಿಸಲು ಚಲುವಯ್ಯನಿಗೂ ಆಗುತ್ತಿರಲಿಲ್ಲ.